ಫೆಬ್ರವರಿ ಹದಿನಾಲ್ಕರ ಪುಸ್ತಕಗಳು

ಬೊರೋಸ್, ಸ್ವೀಡನ್
19 ಫೆಬ್ರವರಿ 2015

ಓರ್ವೊಕ್ಕಿಗೆ,

'ಪ್ರೀತಿಯ' ಎಂದು ಬರೆಯಲು ಹೋಗಿ ಕೈ ನಿಂತಿತು. ಇಷ್ಟು ವರ್ಷ ಯೋಚನೆಯೇ ಇಲ್ಲದೆ ಬರೆದ ಪದ, ಇವತ್ತು ಬರೆಯಲಾರೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಆ ಫಿನ್ನಿಶ್ ಎಳೆತದ ದನಿ ಕೇಳಿದರೆ ನನಗೆ ನಗು ಬಂದುಬಿಡುತ್ತದೆ, ಬಯ್ಯುವುದಕ್ಕೆ ಆಗುವುದಿಲ್ಲ. ನನಗೆ ಬಯ್ಯಬೇಕಾಗಿದೆ.

ಸಿಕ್ಸ್ಟೆನ್‌ನನ್ನು ಆರೈಕೆ ಮನೆಗೆ ಸೇರಿಸಿದ ಸುದ್ದಿ ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೆದಿದ್ದೆ. ಅವನು ಅಲ್ಲಿಗೆ ಹೋದ ಮೇಲೆ ಅವನ ಅಂಚೆಯೆಲ್ಲ ನನ್ನ ಕೈಗೇ ಬರುತ್ತದೆ. ಹೋದ ವಾರ ದಿನಸಿ ಅಂಗಡಿಯ ಅಂಚೆ ಕೌಂಟರಿನಲ್ಲಿ ಪೊಟ್ಟಣ ಬಂದಿದೆ ಎಂದು ಚೀಟಿ ಬಂತು. ಹೋಗಿ ತಂದೆ. ಕಂದು ಕಾಗದ, ನಿನ್ನ ಅಕ್ಷರ. ನನ್ನ ಹೆಸರಿಲ್ಲ, ಬರೀ ಅವನ ಹೆಸರು. ಒಳಗೊಂದು ಪುಸ್ತಕ. ಮೊದಲ ಪುಟದಲ್ಲಿ ಹೀಗಿತ್ತು: "ಸಿಕ್ಸ್ಟೆನ್‌ಗೆ, ಫೆಬ್ರವರಿ 14. ಈ ವರ್ಷ ನನಗೆ ತುಂಬ ಹಿಡಿಸಿದ್ದು ಇದು. ಓರ್ವೊಕ್ಕಿ."

ಫೆಬ್ರವರಿ ಹದಿನಾಲ್ಕು! ಇಲ್ಲಿ ಅವತ್ತು ಗಂಡ ಹೆಂಡತಿಗೆ ಗುಲಾಬಿ ತರುತ್ತಾನೆ, ಹುಡುಗ ಹುಡುಗಿಗೆ ಕೆಂಪು ಜೆಲ್ಲಿ ಹೃದಯ ಕೊಡುತ್ತಾನೆ. ಬೇರೆ ಯಾರೂ ಬೇರೆ ಯಾರಿಗೂ ಏನೂ ಕೊಡುವುದಿಲ್ಲ. ನೀನು ನಮ್ಮ ಊರಿನಲ್ಲಿ ಹದಿನೈದು ವರ್ಷ ಇದ್ದವಳು, ನಿನಗೆ ಹೇಳಿಕೊಡಬೇಕಾಗಿಲ್ಲ.

ಆದರೂ ಮೊದಲು ನಕ್ಕೆ, ನಿಜ. ಆಮೇಲೆ ನೆಲಮಾಳಿಗೆಯ ನಮ್ಮ ಸಾಮಾನಿನ ಗೂಡಿಗೆ ಇಳಿದು ಹೋದೆ. ಯಾಕೆ ಹೋದೆನೋ, ಮನಸ್ಸು ತಡೆಯಲಿಲ್ಲ. ಹಿಮದಲ್ಲಿ ಜಾರುವ ಸ್ಕೀ ಹಲಗೆಗಳ ಹಿಂದೆ ಅವನ ಹಳೆಯ ಸೂಟ್‌ಕೇಸ್ ಇತ್ತು. ಅದರ ತುಂಬ ನಿನ್ನ ಪುಸ್ತಕಗಳು. ಪ್ರತಿಯೊಂದರಲ್ಲೂ ಅದೇ ತಾರೀಖು, ಅದೇ ಅಕ್ಷರ. ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೇಗೆ ಬಿದ್ದೀತು? ಅಂಚೆಯವನ ಮನೆಯಲ್ಲವೇ ನಮ್ಮದು! ಪತ್ರ ವಿಂಗಡಿಸುವ ಮೇಜಿನಲ್ಲೇ ಎತ್ತಿಕೊಂಡಿರುತ್ತಾನೆ. ನಿವೃತ್ತಿಯಾದ ಮೇಲೆ ಹಾಲು ತರುತ್ತೇನೆ ಎಂದು ಅಂಗಡಿಗೆ ಹೋಗುತ್ತಿದ್ದ ಮಹಾರಾಯ.

ಇನ್ನೊಂದು ಮಾತು. ಒಂದು ತಿಂಗಳಿಂದ ಅವನು ನನ್ನನ್ನು ಓರ್ವೊಕ್ಕಿ ಎಂದು ಕರೆಯುತ್ತಿದ್ದಾನೆ. ಮರೆವಿನವನ ಮಾತು ಎಂದು ಸುಮ್ಮನಿದ್ದೆ. ಈಗ ಸುಮ್ಮನಿರಲು ಆಗುತ್ತಿಲ್ಲ. ನಿನಗೂ ಅವನಿಗೂ ಏನಿತ್ತು, ನೇರವಾಗಿ ಬರೆ.

ಗುನ್ವೋರ್ ಹೆಲ್‌ಗ್ರೇನ್
(ಸಿಕ್ಸ್ಟೆನ್‌ನ ಹೆಂಡತಿ. ಮರೆತಿದ್ದರೆ ಇರಲಿ ಎಂದು.)


ಈಸಾಲ್ಮಿ, ಫಿನ್‌ಲ್ಯಾಂಡ್
26 ಫೆಬ್ರವರಿ

ಪ್ರೀತಿಯ ಗುನ್ವೋರ್,

ನೀನು ಬರೆಯದಿದ್ದರೇನು, ನಾನು ಬರೆಯುತ್ತೇನೆ.

ನಿನ್ನ ಪತ್ರ ಓದಿ ಮೂರು ಸಲ ಉತ್ತರ ಬರೆದು ಹರಿದೆ. ಇಷ್ಟು ಸಣ್ಣ ವಿಷಯವನ್ನು ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕೇಳು. ನಮ್ಮಲ್ಲಿ ಫೆಬ್ರವರಿ ಹದಿನಾಲ್ಕು ಪ್ರೇಮಿಗಳ ದಿನವಲ್ಲ ಕಣೇ, ಗೆಳೆಯರ ದಿನ. ಶಾಲೆಯ ಮಕ್ಕಳು ತರಗತಿಯಲ್ಲಿ ಎಲ್ಲರಿಗೂ ಕಾರ್ಡು ಹಂಚುತ್ತವೆ. ನಾನು ಪಕ್ಕದ ಮನೆಯ ಮುದುಕನಿಗೆ, ನನ್ನ ನಾದಿನಿಗೆ, ಹಲ್ಲಿನ ಡಾಕ್ಟರಿಗೆ ಕೂಡ ಕಳಿಸುತ್ತೇನೆ. ಅದಕ್ಕೆ ಯಾರೂ ಮಾರುತ್ತರ ಬರೆಯುವುದಿಲ್ಲ, ಯಾರೂ ಕಾಯುವುದೂ ಇಲ್ಲ. ಸಿಕ್ಸ್ಟೆನ್‌ನಿಂದ ಒಂದು ಸಾಲು ಬರದಿದ್ದರೂ ನನಗೆ ಏನೂ ಅನ್ನಿಸದೆ ಇದ್ದದ್ದು ಅದಕ್ಕೇ.

ಹದಿನೈದು ವರ್ಷ ಇದ್ದವಳು ಎನ್ನುತ್ತೀಯ. ಎಲ್ಲಿದ್ದೆ? ನೇಯ್ಗೆ ಮಿಲ್ಲಿನ ಸದ್ದಿನಲ್ಲಿ ನಿನ್ನ ಪಕ್ಕದ ಮಗ್ಗದ ಮುಂದೆ, ನಮ್ಮ ಫಿನ್ನಿಶ್ ಕೆಲಸಗಾರರ ಬ್ಯಾರಕ್ಕಿನಲ್ಲಿ. ಜೆಲ್ಲಿ ಹೃದಯಗಳು ಮಕ್ಕಳ ಮಿಠಾಯಿ ಎಂದೇ ತಿಳಿದಿದ್ದೆ. ಈ ದಿನದ ಸಂಗತಿಯೇ ನನಗೆ ಗೊತ್ತಾದದ್ದು ಇಲ್ಲಿಗೆ ವಾಪಸು ಬಂದ ಮೇಲೆ, ನಮ್ಮ ಊರಿನ ಗ್ರಂಥಾಲಯದಲ್ಲಿ. ಜನವರಿ ಬಂತೆಂದರೆ ಅಲ್ಲಿನ ಗ್ರಂಥಪಾಲಕಿ ಹೆಲ್ವಿ ಆ ದಿನಕ್ಕೆಂದು ಕಿಟಕಿಯ ಬಳಿ ಮೇಜು ಹಾಕಿ ಕೆಂಪು ಬಟ್ಟೆ ಹಾಸುತ್ತಾಳೆ. ಪ್ರೀತಿ, ಸ್ನೇಹ ಎಂದರೆ ಊರಿನವರಿಗೆ ನೆನಪಾಗುವ ಪುಸ್ತಕಗಳೆಲ್ಲ ಆ ಮೇಜಿನ ಮೇಲೆ. ಅಲ್ಲಿ ನಾನು ಓದಿ ಮೆಚ್ಚಿದ ಒಂದನ್ನು ಪ್ರತಿ ವರ್ಷ ಹಳೇ ಪುಸ್ತಕದ ಅಂಗಡಿಗಳಲ್ಲಿ ಸ್ವೀಡಿಶ್‌ನಲ್ಲಿ ಹುಡುಕಿಸಿ ಅವನಿಗೆ ಕಳಿಸುತ್ತಿದ್ದೆ. ನನಗೆ ಸ್ವೀಡಿಶ್ ಕಲಿಸಿದವನು ಅವನಲ್ಲವೇ. ಗುರುವಿಗೆ ಶಿಷ್ಯೆ ಕೊಡುವ ಕಾಣಿಕೆ ಎಂದುಕೊಂಡಿದ್ದೆ.

ನಿನಗೆ ಯಾಕೆ ಕಳಿಸಲಿಲ್ಲ ಎನ್ನುತ್ತೀಯಾ? "ಓದೋಕಿಂತ ನೆಲ ಉಜ್ಜೋದೇ ವಾಸಿ, ಮೈಯಾದ್ರೂ ಬೆಚ್ಚಗಾಗತ್ತೆ" ಎಂದವಳು ಯಾರು? ನಿನಗೆ ಪ್ರತಿ ವರ್ಷ ಕ್ಯಾಲೆಂಡರಿನಲ್ಲಿ ನಿನ್ನ ಹೆಸರು ಬರುವ ದಿನಕ್ಕೆ ಕೈಯಾರೆ ಹೆಣೆದ ಉಣ್ಣೆಯ ಕಾಲುಚೀಲ ಕಳಿಸಿದೆ. ಕಾಲುಚೀಲ ಸ್ನೇಹ, ಪುಸ್ತಕ ಪಾಪವೇ?

ಆ ಭಾನುವಾರಗಳು ನೆನಪಿವೆಯೇ? ನೀನು ಕೆನೆ ತುಂಬಿದ ಬನ್ನು ಮಾಡುತ್ತಿದ್ದೆ, ಸಿಕ್ಸ್ಟೆನ್ ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು ನನ್ನಿಂದ ಓದಿಸುತ್ತಿದ್ದ. ನಿಮ್ಮ ಆ ಚೂಪು ತುಟಿಯ ಸ್ವರ ನನ್ನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಆಗ ನೀನು ಒಲೆಯ ಕಡೆಯಿಂದ ಕೂಗಿದ್ದೆ: "ಮುತ್ತು ಕೊಡೋ ಹಾಗೆ ಬಾಯಿ ಮಾಡೇ ಬೆಪ್ಪೀ! ಅವ್ನೇನು ಕಚ್ಚಲ್ಲ!" ನನ್ನ ಗಂಡ ತೊಯ್ವೊ ಕುಡಿದು ಮಲಗಿರುತ್ತಿದ್ದ ಭಾನುವಾರಗಳವು. ನಿಮ್ಮಿಬ್ಬರ ಆ ಅಡುಗೆಮನೆ ಇಲ್ಲದಿದ್ದರೆ ನಾನು ಹೊಳೆಗೆ ಹಾರುತ್ತಿದ್ದೆ. ಅಂಥ ಮನೆಗೆ ನಾನು ಬೆಂಕಿ ಇಡುತ್ತೇನೆಯೇ?

ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ. ಇದು ನಿಜ. ನಂಬು.

ಇಂತಿ ನಿನ್ನ,
ಓರ್ವೊಕ್ಕಿ


ಬೊರೋಸ್
12 ಮಾರ್ಚ್

ಓರ್ವೊಕ್ಕಿ,

ನಂಬಿದೆ. ಔಷಧಿ ಅಂಗಡಿಯಲ್ಲಿ ನಿಮ್ಮ ಕಡೆಯ ಹೆಂಗಸೊಬ್ಬಳಿದ್ದಾಳೆ, ಅವಳನ್ನೂ ಕೇಳಿದೆ. "ಹೌದಮ್ಮ, ನಾವು ಬಸ್ ಡ್ರೈವರ್‌ಗೂ ಕಳಿಸ್ತೀವಿ" ಎಂದಳು. ಸರಿ. ನೀನು ಕಳ್ಳಿಯಲ್ಲ.

ನೀನು ಕಳ್ಳಿಯಾಗಿದ್ದರೆ ಎಷ್ಟೋ ವಾಸಿಯಿತ್ತು. ಹಡಗು ಹತ್ತಿ ಬಂದು ನಿನ್ನ ಜುಟ್ಟು ಹಿಡಿದು ನಾಲ್ಕು ಮಾತು ಆಡುತ್ತಿದ್ದೆ, ಅತ್ತು ಹಗುರಾಗುತ್ತಿದ್ದೆ. ಈಗ ಯಾರ ಜುಟ್ಟು ಹಿಡಿಯಲಿ? ಯಾಕೆಂದರೆ ನಿಮ್ಮ ಗೆಳೆಯರ ದಿನದ ವಿಷಯ ನಿನಗೆ ಗೊತ್ತಿತ್ತು, ಔಷಧಿ ಅಂಗಡಿಯವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

ಭಾನುವಾರ ಕೆನೆಬನ್ನು ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಯಾಸ್ಮಿಂಕಾ ಎಂಬ ದಾದಿ ಇದ್ದಾಳೆ, ಬೋಸ್ನಿಯಾದವಳು, ಬಾಯಿ ಜೋರು, ಕೈ ಮೃದು. ಅವಳು ನನ್ನನ್ನು ನೋಡಿ, "ಬನ್ನಿ ಬನ್ನಿ, ನೀವು ಕೊಟ್ರೆ ಮಾತ್ರ ತಿಂತಾನೆ ನಿಮ್ಮ ರಾಜ. ನಮ್ಮ ಕೈ ಅವ್ನಿಗೆ ಕಹಿ" ಎಂದಳು. ಅದು ನಿಜ. ಓರ್ವೊಕ್ಕಿ ಎಂದು ಕರೆದು ನನ್ನ ಕೈತುತ್ತಿಗೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಾನೆ. "ನಾನು ಗುನ್ವೋರ್" ಎಂದರೆ ಬಾಯಿ ಮುಚ್ಚಿಬಿಡುತ್ತಾನೆ.

ಅವತ್ತು ಧೈರ್ಯ ಮಾಡಿ ಕೇಳಿದೆ. "ಸಿಕ್ಸ್ಟೆನ್, ಆ ಪುಸ್ತಕಗಳನ್ನ ಯಾಕೆ ಬಚ್ಚಿಟ್ಟೆ?"

ಅವನು ಬಾಗಿಲ ಕಡೆ ನೋಡಿದ. "ಮೆಲ್ಲಗೆ ಮಾತಾಡು. ಗುನ್ವೋರ್ ಕೇಳಿಸ್ಕೊಂಡ್ರೆ ನೊಂದ್ಕೋತಾಳೆ. ಒಳ್ಳೇಳು ಅವ್ಳು."

ಅವನ ಮೀಸೆಯ ಮೇಲಿನ ಕೆನೆ ಒರೆಸಿದೆ. ಅವನು ನನ್ನ ಕೈ ಹಿಡಿದುಕೊಂಡ. "ನಾನು ಉತ್ರ ಬರೀಲಿಲ್ಲ ಅಂತ ನಿಂಗೆ ಬೇಜಾರಾ, ಓರ್ವೊಕ್ಕಿ? ಬರೆಯೋಕೆ ಕೂತಿದ್ರೆ ನಿಲ್ತಿರ್ಲಿಲ್ಲ. ಹೊರಟು ಬಂದ್ಬಿಡ್ತಿದ್ದೆ. ಅದಕ್ಕೇ ಬರೀಲಿಲ್ಲ. ಓದ್ದೆ. ಎಲ್ಲಾನೂ ಓದ್ದೆ."

ಓರ್ವೊಕ್ಕಿ, ನಾನು ಅಲ್ಲಿ ನೀನಾಗಿ ಕುಳಿತು, ನನ್ನ ಮೇಲೆ ಅವನಿಗಿರುವ ಕನಿಕರವನ್ನು ಕೇಳಿಸಿಕೊಂಡೆ. ಐವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಷ ನನಗೆ ನೋವಾಗುತ್ತದೆ ಎಂದು ಮಾತ್ರ ಉಳಿದಿದ್ದನಂತೆ! ಇದನ್ನು ಕೇಳುವುದಕ್ಕೆ ನಾನು ಬನ್ನು ಮಾಡಿಕೊಂಡು ಹೋಗಿದ್ದೆ.

ಈಗ ನಾನು ಕೇಳುವುದನ್ನು ನೀನು ಮಾಡಲೇಬೇಕು. ಅವನಿಗೊಂದು ಪತ್ರ ಬರೆ. ಅದು ಗೆಳೆಯರ ದಿನ, ಎಲ್ಲರಿಗೂ ಕಳಿಸಿದ ಹಾಗೆ ನಿನಗೂ ಕಳಿಸಿದೆ, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂದು ಬರೆ. ನಾನು ಓದಿ ಹೇಳುತ್ತೇನೆ. ಮನೆಯಲ್ಲಿದ್ದ ಹೆಂಡತಿ ಯಾರು, ದೂರದಲ್ಲಿದ್ದ ಗೆಳತಿ ಯಾರು ಎಂದು ಅವನಿಗೆ ತಿಳಿಯಬೇಕು. ಇನ್ನು ಹೆಚ್ಚು ದಿನ ಇಲ್ಲ ಎನ್ನುತ್ತಾರೆ ಡಾಕ್ಟರು. ಸಾಯುವ ಮುನ್ನ ಒಂದೇ ಒಂದು ಸಲ ಅವನು ನನ್ನನ್ನು ಗುನ್ವೋರ್ ಎಂದು ಕರೆಯಬೇಕು. ನನಗೆ ಬೇರೆ ಏನೂ ಬೇಡ.

ಗುನ್ವೋರ್


ಈಸಾಲ್ಮಿ
24 ಮಾರ್ಚ್

ಪ್ರೀತಿಯ ಗುನ್ವೋರ್,

ಬೇಡ ಕಣೇ. ಕೈ ಮುಗಿಯುತ್ತೇನೆ, ಇದೊಂದನ್ನು ಕೇಳಬೇಡ.

ಅವನು ತಿನ್ನುತ್ತಿದ್ದಾನೆ. ಖುಷಿಯಾಗಿದ್ದಾನೆ. ಯಾವ ಹೆಸರಿನಿಂದ ಕರೆದರೇನು, ಕೈ ನಿನ್ನದೇ ಅಲ್ಲವೇ? ನನ್ನ ತಾಯಿ ಕೊನೆಗಾಲದಲ್ಲಿ ನನ್ನನ್ನು ಅವಳ ಸತ್ತ ತಂಗಿ ಎಂದುಕೊಂಡಿದ್ದಳು. ನಾನು ತಂಗಿಯೇ ಆಗಿದ್ದೆ. ನನಗೆ ಅದರಿಂದ ಏನೂ ಸವೆಯಲಿಲ್ಲ. ನೀನು ಹೇಳಬಹುದು, ತಂಗಿಯ ಮಾತು ಬೇರೆ, ಇದು ಬೇರೆ. ಬೇರೆಯೇ, ಗೊತ್ತು.

ನೀನು ನೇರವಾಗಿ ಬರೆ ಎಂದೆಯಲ್ಲ. ಹಾಗಾದರೆ ಇದನ್ನೂ ಬರೆಯುತ್ತೇನೆ, ಆಮೇಲೆ ನೀನು ನನ್ನನ್ನು ಏನು ಬೇಕಾದರೂ ಅನ್ನು. ನಿನ್ನ ಪತ್ರ ಬಂದ ಮೇಲೆ ಗ್ರಂಥಾಲಯಕ್ಕೆ ಹೋಗಿದ್ದೆ. ಹೆಲ್ವಿ ಕೊನೆಗೂ ಆ ಮೇಜನ್ನು ತೆಗೆದು ಬಟ್ಟೆ ಮಡಿಸುತ್ತಿದ್ದಳು. "ಈ ಸಲದ ಪುಸ್ತಕ ನಿನ್ನ ಸ್ವೀಡನ್ನಿನ ಗೆಳೆಯನಿಗೆ ಹಿಡಿಸ್ತಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ನಕ್ಕಳು. "ಹಲ್ಲಿನ ಡಾಕ್ಟರಿಗೆ ಕಾರ್ಡು ಒಂದ್ನಿಮಿಷದಲ್ಲಿ ಆರಿಸ್ತೀಯ. ಅವ್ನಿಗೆ ಪುಸ್ತಕ ಆರಿಸೋಕೆ ಜನವರಿ ಪೂರ್ತಿ ಇಲ್ಲೇ ಠಿಕಾಣಿ. ನಾನೇನು ಕುರುಡೀನಾ ಓರ್ವೊಕ್ಕಿ?"

ನಾನು ಮನೆಗೆ ಬಂದು ಕೋಟನ್ನೂ ಬಿಚ್ಚದೆ ಕುಳಿತುಬಿಟ್ಟೆ. ಅವಳು ಹೇಳಿದ್ದು ಸುಳ್ಳಲ್ಲ. ಒಂದು ವರ್ಷ ಕಡಲ ದೀಪಸ್ತಂಭ ಕಾಯುವವನೂ ದೋಣಿಯವಳೂ ವಾರಕ್ಕೊಮ್ಮೆ ಮಾತಾಡಿಕೊಳ್ಳುವ ಕಾದಂಬರಿ ಕಳಿಸಿದೆ. ಒಂದು ವರ್ಷ ಯುದ್ಧದಲ್ಲಿ ಎದುರು ಬದುರು ಕಡೆಗೆ ಸೇರಿದ ಇಬ್ಬರು ಗೆಳೆಯರದ್ದು. ಓದುವಾಗ ಈ ಜಾಗಕ್ಕೆ ಬಂದಾಗ ಸಿಕ್ಸ್ಟೆನ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾನೆ ಎಂದು ಅಂದುಕೊಳ್ಳುತ್ತಿದ್ದೆ. ತೊಯ್ವೊ ಬದುಕಿದ್ದಾಗ ಅವನಿಗಾಗಿ ಒಂದು ಟೋಪಿ ಕೂಡ ಅಷ್ಟು ಹೊತ್ತು ನಿಂತು ಆರಿಸಿದವಳಲ್ಲ ನಾನು. ಅದಕ್ಕೆ ಏನು ಹೆಸರು ಎಂದು ಯಾವತ್ತೂ ಕೇಳಿಕೊಳ್ಳಲಿಲ್ಲ. ನಮ್ಮಲ್ಲಿ ಆ ದಿನಕ್ಕೆ ಹೆಸರು ಇತ್ತಲ್ಲ, ಅದೇ ಸಾಕಾಗಿತ್ತು. ಎಪ್ಪತ್ತು ಹತ್ತಿರವಾದ ಮೇಲೆ ಈಗ ನೀನು ಕೇಳಿಕೊಳ್ಳುವ ಹಾಗೆ ಮಾಡಿದೆ.

ಆದ್ದರಿಂದ ನೀನು ಹೇಳಿದ ಪತ್ರ ಬರೆದರೆ ಅದು ನಿಜವೂ ಹೌದು, ಸುಳ್ಳೂ ಹೌದು. ಅವನ ತಲೆಯಲ್ಲಿ ಉಳಿದಿರುವುದೇ ಒಂದಿಷ್ಟು. ಅದನ್ನೂ ಕಿತ್ತುಕೊಳ್ಳುವುದು ಬೇಡ.

ಇಂತಿ,
ಓರ್ವೊಕ್ಕಿ


ಬೊರೋಸ್
2 ಏಪ್ರಿಲ್

ಓರ್ವೊಕ್ಕಿ,

ನಿನ್ನ ಜನವರಿಗಳ ಕಥೆ ನನಗೆ ಬೇಕಾಗಿರಲಿಲ್ಲ. ನೀನು ಬರೆದೆ, ನಾನು ಓದಿದೆ, ಆಯಿತು.

ಅವನ ತಲೆಯಲ್ಲಿ ಉಳಿದಿರುವುದು ಒಂದಿಷ್ಟು ಎನ್ನುತ್ತೀಯ. ಆ ಒಂದಿಷ್ಟರಲ್ಲಿ ನಾನು ಎಲ್ಲಿದ್ದೇನೆ? ಅವನ ಅಂಗಿ ಒಗೆದವಳು ನಾನು. ಅವನ ತಾಯಿಯನ್ನು ನೋಡಿಕೊಂಡವಳು ನಾನು. ಈಗಲೂ ಎರಡು ಬಸ್ಸು ಬದಲಾಯಿಸಿ ದಿನಾ ಹೋಗುತ್ತಿರುವವಳು ನಾನು. ನೀನು ವರ್ಷಕ್ಕೊಂದು ಪುಸ್ತಕ ಕಳಿಸಿದವಳು.

ಗೆಳತಿ, ಗೆಳತಿ ಎಂದು ಪತ್ರದ ತುಂಬ ಬರೆಯುತ್ತೀಯಲ್ಲ. ಹಾಗಾದರೆ ಬರೆದು ಕಳಿಸು. ಇಲ್ಲವಾದರೆ ಇನ್ನು ನನಗೆ ಏನೂ ಬರೆಯಬೇಡ, ಕಾಲುಚೀಲವನ್ನೂ ಕಳಿಸಬೇಡ.

ಗುನ್ವೋರ್


ಈಸಾಲ್ಮಿ
10 ಏಪ್ರಿಲ್

ಗುನ್ವೋರ್,

ಜೊತೆಗಿರುವ ಹಾಳೆ ನೀನು ಕೇಳಿದ್ದು. ನೀನು ಹೇಳಿದ ಹಾಗೆಯೇ ಬರೆದಿದ್ದೇನೆ, ಒಂದು ಮಾತೂ ಹೆಚ್ಚಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳಲೇಬೇಕಾದರೆ ನಿನ್ನನ್ನು ಕಳೆದುಕೊಳ್ಳಲಾರೆ ಎಂದು ಬರೆದೆ. ಓದುವ ಮುನ್ನ ಇನ್ನೊಮ್ಮೆ ಯೋಚಿಸು. ಓದದೆ ಒಲೆಗೆ ಹಾಕಿದರೂ ನಾನು ಕೇಳುವುದಿಲ್ಲ.

ಓರ್ವೊಕ್ಕಿ

*

ಸಿಕ್ಸ್ಟೆನ್,

ನಾನು ಫೆಬ್ರವರಿಯಲ್ಲಿ ಕಳಿಸುತ್ತಿದ್ದ ಪುಸ್ತಕಗಳ ವಿಷಯ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ ಆ ದಿನ ಗೆಳೆಯರ ದಿನ. ಗೊತ್ತಿರುವವರಿಗೆಲ್ಲ ಏನಾದರೂ ಕಳಿಸುವುದು ಪದ್ಧತಿ. ಸ್ವೀಡನ್ನಿನಲ್ಲಿ ಅದಕ್ಕೆ ಬೇರೆ ಅರ್ಥವಿದೆ ಎಂದು ನನಗೆ ತಿಳಿದಿರಲಿಲ್ಲ. ಭಾಷೆ ಕಲಿಸಿದ್ದಕ್ಕೆ ಕೃತಜ್ಞತೆಯಿಂದ ಕಳಿಸಿದೆ. ಅದರಲ್ಲಿ ಬೇರೆ ಏನೂ ಇರಲಿಲ್ಲ. ನಾನು ಇಲ್ಲಿ ಈಸಾಲ್ಮಿಯಲ್ಲಿದ್ದೇನೆ, ಅಲ್ಲಿಗೆ ಬಂದಿಲ್ಲ, ಬರುವುದೂ ಇಲ್ಲ. ನಿನ್ನ ಪಕ್ಕದಲ್ಲಿ ಕುಳಿತಿರುವವಳು ಗುನ್ವೋರ್. ನಿನಗೆ ಊಟ ಮಾಡಿಸುತ್ತಿರುವವಳು ನಿನ್ನ ಹೆಂಡತಿ.

ಓರ್ವೊಕ್ಕಿ


ಬೊರೋಸ್
3 ಜೂನ್

ಪ್ರೀತಿಯ ಓರ್ವೊಕ್ಕಿ,

ಏಪ್ರಿಲ್‌ನಿಂದ ನಿನ್ನ ಎರಡು ಕಾರ್ಡುಗಳು ಬಂದವು. ಉತ್ತರಿಸಲಿಲ್ಲ.

ಸಿಕ್ಸ್ಟೆನ್ ಮೇ ಹತ್ತೊಂಬತ್ತರಂದು ಹೋದ. ಮಣ್ಣು ಮಾಡಿದ್ದೂ ಆಯಿತು. ನಿನಗೆ ಮೊದಲೇ ತಿಳಿಸಬೇಕಾಗಿತ್ತು. ತಿಳಿಸಿದ್ದರೆ ನೀನು ಬರುತ್ತಿದ್ದೆ. ನೀನು ಬರುವುದು ನನಗೆ ಬೇಕಾಗಿರಲಿಲ್ಲ. ಈಗ ಯಾಕೆ ಬೇಡವಾಗಿತ್ತೋ ನನಗೇ ಅರ್ಥವಾಗುತ್ತಿಲ್ಲ.

ನಿನ್ನ ಹಾಳೆಯನ್ನು ಒಂದು ವಾರ ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಒಂದು ದಿನ ಊಟದ ಹೊತ್ತಿಗೆ ಹೋದಾಗ ಅವನು ನನ್ನನ್ನು ನೋಡಿ ಮುಖ ಅರಳಿಸಿ, "ಬಂದ್ಯಾ ಓರ್ವೊಕ್ಕಿ, ಗುನ್ವೋರ್ ಇವತ್ತು ಬರಲ್ಲ, ಕೂತ್ಕೊ" ಎಂದ. ಅಲ್ಲೇ ಹಾಳೆ ತೆಗೆದು ಓದಿದೆ. ಜೋರಾಗಿ, ತಪ್ಪಿಲ್ಲದೆ ಓದಿದೆ. ಬದುಕಿನಲ್ಲಿ ನಾನು ಅವನಿಗೆ ಏನನ್ನಾದರೂ ಓದಿ ಹೇಳಿದ್ದು ಅದೇ ಮೊದಲು.

ಅವನು ಪೂರ್ತಿ ಕೇಳಿದ. ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಬೇರೆ ದಿನ ಹವಾಮಾನದ ಮಾತೂ ತಲೆಗೆ ಹೋಗದವನು, ಅವತ್ತೇ ಎಲ್ಲ ಅರ್ಥವಾಗಬೇಕೇ? ಹಾಳೆ ಕೊಡು ಎಂದು ಕೈ ಚಾಚಿದ. ಹಿಂದೆ ಮುಂದೆ ತಿರುಗಿಸಿ ನಿನ್ನ ಅಕ್ಷರ ನೋಡಿದ.

"ಹಾಗಾದ್ರೆ ಅವ್ಳು ಬರಲ್ಲ" ಎಂದ.

"ಇಲ್ಲ. ನಾನಿದೀನಲ್ಲ" ಎಂದೆ.

ಅವನು ಹಾಳೆಯನ್ನು ಮಡಿಸಿ ನನಗೆ ವಾಪಸು ಕೊಟ್ಟ. ಅಂಚೆಯವನು ಬೇರೆಯವರ ಪತ್ರ ಕೊಡುವ ಹಾಗೆ ಕೊಟ್ಟ. ನನ್ನನ್ನು ಏನೆಂದೂ ಕರೆಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನದಿಂದ ತಿನ್ನಲಿಲ್ಲ. ಯಾಸ್ಮಿಂಕಾ ನನ್ನನ್ನು ಹಜಾರಕ್ಕೆ ಕರೆದು, "ಏನಾಯ್ತಮ್ಮ? ಬೆಣ್ಣೆಯಂಥ ಮನುಷ್ಯ, ಇದ್ದಕ್ಕಿದ್ದ ಹಾಗೆ ಕಲ್ಲಾಗ್ಬಿಟ್ಟ. ಏನಾದ್ರೂ ಅಂದ್ರಾ?" ಎಂದಳು. ಇಲ್ಲ ಎಂದೆ. ಮನೆಯವರು ಸುಳ್ಳು ಹೇಳಿದರೆ ಅವಳಿಗೆ ತಿಳಿಯುತ್ತದೆ. ನನ್ನ ಬೆನ್ನು ಸವರಿದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾಡಿದ್ದನ್ನು ಸರಿಮಾಡಲು ಒದ್ದಾಡಿದೆ. ನಿನ್ನ ಈ ವರ್ಷದ ಪುಸ್ತಕವನ್ನು ತೆಗೆದುಕೊಂಡು ಹೋಗಿ ಅವನ ಪಕ್ಕ ಕುಳಿತು ಓದಿದೆ. ದ್ವೀಪದ ಇಬ್ಬರು ಮುದುಕರ ಕಥೆ. ಕಣ್ಣು ಉರಿಯುತ್ತಿತ್ತು, ಸಾಲು ತಪ್ಪುತ್ತಿತ್ತು. ಚೆನ್ನಾಗಿದೆ ಓರ್ವೊಕ್ಕಿ, ನಿಜವಾಗಿ ಚೆನ್ನಾಗಿದೆ. ನನಗೂ ಒಂದು ಕಳಿಸಬಹುದಿತ್ತು ಎಂದು ಅಲ್ಲಿ ಕುಳಿತು ನಿನ್ನ ಮೇಲೆ ಸಿಟ್ಟು ಬಂತು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕೊನೆಗೆ, ಇನ್ನೇನೂ ತೋಚದೆ, ಬ್ಲೂಬೆರಿ ಹಣ್ಣಿನ ಗಂಜಿ ಒಂದು ಚಮಚ ತೆಗೆದುಕೊಂಡು ಅವನ ಕಿವಿಯ ಹತ್ತಿರ ಬಾಗಿದೆ. ಮಿಲ್ಲಿನಲ್ಲಿ ನಿನ್ನನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆನಲ್ಲ, ಅದೇ ಎಳೆತದ ದನಿ ಮಾಡಿಕೊಂಡು ಹೇಳಿದೆ. "ಸಿಕ್ಸ್ಟೆನ್, ನಾನು. ಓರ್ವೊಕ್ಕಿ. ಬಂದಿದೀನಿ. ಬಾಯಿ ತೆಗಿ."

ಅವನು ಕಣ್ಣು ತೆರೆದ. ತುಂಬ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಹೇಳಿದ.

"ಇಲ್ಲ. ನೀನು ಗುನ್ವೋರ್."

ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡ. ಚಮಚವನ್ನು ಬಟ್ಟಲಿಗೆ ವಾಪಸು ಇಟ್ಟೆ.

ಗುನ್ವೋರ್